ದಯವಿಟ್ಟು ಬಟ್ಟಲು ಎತ್ತಿಡಿ

‘ನಮ್ದು ಏನೂ ತಿನ್ನಂಗಿಲ್ರೀ’ ಎನ್ನುವ ಮಾತನ್ನು ಪುಣೆಯ ಕನ್ನಡಿಗರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೊದಮೊದಲು ಮಕ್ಕಳ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಈಗ ಕೇಳಿದ ತಕ್ಷಣ ಗೊತ್ತಾಗುತ್ತದೆ, ನಾಯಿಯ ಬಗ್ಗೆ. ವಾಕಡ್ ಇರಲಿ, ಬಾಣೇರ್ ಇರಲಿ, ಹಿಂಜವಡಿ ಇರಲಿ, ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಹೊಂದುವ ಅಳತೆಯ ನಾಯಿಗಳೇ ಎಲ್ಲ: ಶಿಟ್ಜು, ಪಗ್, ನಾವು ಪಾಮೆರೇನಿಯನ್ ಅಂತ ಕರೆಯುವ ಬಿಳಿ ಸ್ಪಿಟ್ಜ್. ನಾಲ್ಕರಿಂದ ಎಂಟು ಕಿಲೋ ತೂಕ. ದೂರೂ ಎಲ್ಲ ಕಡೆ ಒಂದೇ. ಬಟ್ಟಲಲ್ಲಿ ಹಾಕಿದ್ದನ್ನು ಮೂಸಿ ಹೋಗುತ್ತದೆ. ಕೈಯಿಂದ ಕೊಟ್ಟರೆ ತಿನ್ನುತ್ತದೆ. ನಿನ್ನೆ ಚಪ್ಪರಿಸಿ ತಿಂದದ್ದನ್ನು ಇವತ್ತು ಮುಟ್ಟುವುದಿಲ್ಲ. ಹೇಳುವವರ ದನಿಯಲ್ಲಿ ಚಿಂತೆಯ ಜೊತೆಗೆ ಸಣ್ಣದೊಂದು ಹೆಮ್ಮೆಯೂ ಇರುತ್ತದೆ. ರುಚಿ ಗೊತ್ತಿರುವ ನಾಯಿ ನೋಡಿ, ನಮ್ಮದು!

ನಾನು ಪಶುವೈದ್ಯನಲ್ಲ. ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದು, ಮುಗಿಯದಿದ್ದರೆ ಬೈಸಿಕೊಳ್ಳುವುದು ನನ್ನ ಉದ್ಯೋಗ. ಮನೆಯಲ್ಲಿ ಐದು ಕಿಲೋದ ಒಂದು ಶಿಟ್ಜು ಇದೆ. ದಿನಕ್ಕೆ ಎರಡು ಸಲ, ಸ್ಟೀಲ್ ಬಟ್ಟಲಲ್ಲಿ ಹಾಕಿದ್ದನ್ನು ತಿಂದು, ಬಟ್ಟಲು ನೆಕ್ಕಿ, ಹೋಗಿ ಮಲಗುತ್ತದೆ. ‘ನೀವು ಅದೃಷ್ಟವಂತರು’ ಅನ್ನುತ್ತಾರೆ ನೋಡಿದವರು. ನನಗೆ ಸಿಟ್ಟು ಬರುವುದು ಆ ಮಾತಿಗೆ. ಆರೋಗ್ಯವಾಗಿರುವ ನಾಯಿಗೆ ‘ಫಸ್ಸಿ’ ಎಂದು ಹೆಸರಿಡುವುದು ನಮ್ಮ ಮನೆಯ ಅಶಿಸ್ತನ್ನು ತಂದು ಅದರ ಕೊರಳಿಗೆ ಕಟ್ಟುವ ಉಪಾಯ. ಆ ಅಶಿಸ್ತಿಗೆ ನಾವು ಇಟ್ಟಿರುವ ಇನ್ನೊಂದು ಹೆಸರು ಪ್ರೀತಿ. ಅದರ ಬೆಲೆಯನ್ನು ಮಾತ್ರ ನಾಯಿ ತೆರುತ್ತದೆ.

ವಾದಕ್ಕೆ ಇಳಿಯುವ ಮುನ್ನ ಒಂದು ಗೆರೆ ಎಳೆದುಬಿಡುತ್ತೇನೆ. ಇದುವರೆಗೆ ಚೆನ್ನಾಗಿ ತಿನ್ನುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಬಿಟ್ಟರೆ ಅದು ಹಟವಲ್ಲ. ಉಣ್ಣಿ ಕಚ್ಚುವುದರಿಂದ ಬರುವ ಜ್ವರ ನಮ್ಮ ದೇಶದ ನಾಯಿಗಳಲ್ಲಿ ಸಾಮಾನ್ಯ. ಅದರ ಮೊದಲ ಲಕ್ಷಣಗಳಲ್ಲಿ ಊಟ ಬಿಡುವುದೂ ಒಂದು. ಸಣ್ಣ ತಳಿಗಳ ಚಿಕ್ಕ ದವಡೆಯಲ್ಲಿ ಹಲ್ಲುಗಳು ಒತ್ತಿಕೊಂಡು ಬೆಳೆಯುವುದರಿಂದ ವಸಡಿನ ರೋಗ ಬೇಗ ಹಿಡಿಯುತ್ತದೆ. ಬಟ್ಟಲ ಹತ್ತಿರ ಆಸೆಯಿಂದ ಬಂದು, ಒಂದು ತುತ್ತು ಕಚ್ಚಿ, ಉಗುಳಿ ಹಿಂದೆ ಸರಿಯುವ ನಾಯಿಗೆ ಬಾಯಿ ನೋಯುತ್ತಿರಬಹುದು. ವಾಂತಿ, ಬೇಧಿ, ಮಂಕು, ಬಿಳಿಚಿದ ವಸಡು, ಇಳಿಯುತ್ತಿರುವ ತೂಕ, ಇವುಗಳಲ್ಲಿ ಒಂದು ಕಂಡರೂ, ಅಥವಾ ವಯಸ್ಕ ನಾಯಿ 24 ಗಂಟೆ ಏನನ್ನೂ ಮುಟ್ಟದಿದ್ದರೂ, ಈ ಲೇಖನ ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ. ಸಣ್ಣ ತಳಿಯ ಮರಿಗಳಿಗಂತೂ ಅಷ್ಟು ಕಾಯುವಂತೆಯೇ ಇಲ್ಲ. ಕೆಲವು ಗಂಟೆ ಹೊಟ್ಟೆ ಖಾಲಿ ಇದ್ದರೂ ರಕ್ತದ ಸಕ್ಕರೆ ಕುಸಿದು ಜೀವಕ್ಕೆ ಅಪಾಯವಾಗಬಹುದು, ಅವಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು. ಇನ್ಸುಲಿನ್ ಮೇಲಿರುವ ನಾಯಿಯದೂ ಬೇರೆ ಕತೆ. ಮುಂದೆ ನಾನು ಹೇಳುವುದೆಲ್ಲ ಓಡಾಡಿಕೊಂಡು, ಬಾಲ ಅಲ್ಲಾಡಿಸಿಕೊಂಡು, ಲಿಫ್ಟಿನ ಸದ್ದಿಗೆ ಬೊಗಳಿಕೊಂಡು ಇರುವ, ವೈದ್ಯರು ಸರಿಯಾಗಿದೆ ಎಂದ ವಯಸ್ಕ ನಾಯಿಯ ಬಗ್ಗೆ. ನಾನು ಕೇಳುವ ದೂರುಗಳಲ್ಲಿ ಹೆಚ್ಚಿನವು ಇಂಥ ನಾಯಿಗಳದೇ.

ಈಗ ಲೆಕ್ಕಕ್ಕೆ ಬರೋಣ. ಲಾಗ್ ಇಲ್ಲದೆ ಬಂದ ದೂರನ್ನು ನಾನು ಆಫೀಸಿನಲ್ಲೂ ನಂಬುವುದಿಲ್ಲ. ‘ಏನೂ ತಿನ್ನಂಗಿಲ್ಲ’ ಅಂದವರಿಗೆಲ್ಲ ನಾನು ಹೇಳುವುದು ಒಂದೇ: ಒಂದು ದಿನ, ಬೆಳಿಗ್ಗೆಯಿಂದ ಮಲಗುವವರೆಗೆ, ನಾಯಿಯ ಬಾಯಿಗೆ ಏನೇನು ಹೋಯಿತು ಎಲ್ಲ ಬರೆದಿಡಿ. ಮನೆಯವರೆಲ್ಲ ಬರೆಯಬೇಕು, ಅಜ್ಜಿ ಸಮೇತ. ಗೆಳೆಯರೊಬ್ಬರ ಮನೆಯ ಪಟ್ಟಿ ಮಧ್ಯಾಹ್ನ ಎರಡು ಗಂಟೆಗೆ ಹೀಗಿತ್ತು: ಚಹಾದ ಜೊತೆ ಎರಡು ಗ್ಲುಕೋಸ್ ಬಿಸ್ಕತ್ತು, ಒಂದು ಚೀಸ್ ಸ್ಲೈಸ್, ತುಪ್ಪ ಸವರಿದ ಅರ್ಧ ಚಪಾತಿ, ಅರ್ಧ ಬೇಯಿಸಿದ ಮೊಟ್ಟೆ, ‘ಶೇಕ್ ಹ್ಯಾಂಡ್’ ಕೊಟ್ಟಿದ್ದಕ್ಕೆ ಎರಡು ತುಂಡು ಒಣ ಚಿಕನ್. ಹೆಚ್ಚುಕಡಿಮೆ 50, 60, 70, 35, 40. ಒಟ್ಟು ಸುಮಾರು 255 ಕ್ಯಾಲೊರಿ.

ಆ ನಾಯಿಯ ತೂಕ ಐದು ಕಿಲೋ. ನಾಯಿಯ ವಿಶ್ರಾಂತ ಸ್ಥಿತಿಯ ಶಕ್ತಿಯ ಅಗತ್ಯವನ್ನು ಪಶುವೈದ್ಯರು ಲೆಕ್ಕ ಹಾಕುವುದು ಹೀಗೆ: ತೂಕದ 0.75ನೇ ಘಾತವನ್ನು 70ರಿಂದ ಗುಣಿಸುವುದು. ಐದು ಕಿಲೋಗೆ 234 ಬರುತ್ತದೆ. ಮನೆಯೊಳಗೇ ಇರುವ, ಆಪರೇಷನ್ ಆದ ವಯಸ್ಕ ನಾಯಿಗೆ ಅದರ ಸುಮಾರು 1.4 ಪಟ್ಟು ಹಿಡಿದರೆ 330 ಕ್ಯಾಲೊರಿ. ಚುರುಕಾಗಿ ಓಡಾಡುವ ನಾಯಿಯಾದರೆ ಸ್ವಲ್ಪ ಹೆಚ್ಚು. ಅಂದರೆ ಎರಡು ಗಂಟೆಯ ಹೊತ್ತಿಗೆ, ‘ಏನೂ ತಿನ್ನದೆ’, ಆ ನಾಯಿ ಇಡೀ ದಿನದ ಊಟದ ಮುಕ್ಕಾಲು ಪಾಲನ್ನು ಮುಗಿಸಿತ್ತು. ಉಳಿದದ್ದು 75 ಕ್ಯಾಲೊರಿ. ಒಣ ಆಹಾರದಲ್ಲಿ ಅದು 20 ಗ್ರಾಂ, ಒಂದು ಹಿಡಿಯೂ ಇಲ್ಲ. ಅದರ ಮುಂದೆ ಇವರು ತುಂಬಿದ ಬಟ್ಟಲು ಇಟ್ಟು, ಮೊಣಕಾಲೂರಿ ಕೂತು, ‘ತಿನ್ನು ಬಂಗಾರ’ ಎಂದು ಗೋಗರೆಯುತ್ತಿದ್ದರು.

ಇಲ್ಲಿ ನಮ್ಮ ಕಣ್ಣಿನ ಅಳತೆಯೇ ಮೋಸ ಮಾಡುತ್ತದೆ. ದಿನಕ್ಕೆ ಎರಡು ಸಾವಿರ ಕ್ಯಾಲೊರಿ ತಿನ್ನುವ ನಮಗೆ ಒಂದು ಬಿಸ್ಕತ್ತು ಲೆಕ್ಕಕ್ಕೇ ಇಲ್ಲ. ಐದು ಕಿಲೋದ ನಾಯಿಗೆ ಒಂದು ಬಿಸ್ಕತ್ತು ಅಂದರೆ ನಮಗೆ ಆರು. ಒಣ ಆಹಾರವನ್ನೇ ಕೊಟ್ಟರೂ ಅದಕ್ಕೆ ಇಡೀ ದಿನಕ್ಕೆ ಬೇಕಾದದ್ದು 90 ಗ್ರಾಂ ಆಸುಪಾಸು, ಎರಡು ಹೊತ್ತಿಗೆ ಹಂಚಿದರೆ ತಲಾ 45. ಬಟ್ಟಲ ತಳವೂ ಮುಚ್ಚುವುದಿಲ್ಲ. ಇಷ್ಟೇನಾ ಎಂದು ನಮ್ಮ ಕರುಳು ಚುರ್ರೆನ್ನುತ್ತದೆ, ಇನ್ನಷ್ಟು ಸುರಿಯುತ್ತೇವೆ, ಅದು ಬಿಟ್ಟದ್ದನ್ನು ನೋಡಿ ಗಾಬರಿಯಾಗುತ್ತೇವೆ.

ಎರಡನೆಯ ಸಂಗತಿ, ನಾವು ಕಲಿಸಿದ ಪಾಠ. ನಮ್ಮ ವೃತ್ತಿಯಲ್ಲಿ ಇದಕ್ಕೆ ಸ್ಕೋಪ್ ಕ್ರೀಪ್ ಅನ್ನುತ್ತಾರೆ. ಮೊದಲ ವಾರ ಬರೀ ಒಣ ಆಹಾರ. ಒಂದು ದಿನ ತಿನ್ನಲಿಲ್ಲ, ಮೇಲೆ ಎರಡು ಚಮಚ ಗ್ರೇವಿ ಬಿತ್ತು. ಇನ್ನೊಂದು ದಿನ ಗ್ರೇವಿ ನೆಕ್ಕಿ ಕಾಳು ಬಿಟ್ಟಿತು, ಚಿಕನ್ ಬಂತು. ಆಮೇಲೆ ಚಿಕನ್ ಮಾತ್ರ. ಆಮೇಲೆ ಚಿಕನ್, ಆದರೆ ಕೈಯಿಂದ. ಆಮೇಲೆ ಕೈಯಿಂದ, ಆದರೆ ಸೋಫಾದ ಮೇಲೆ, ಟಿವಿ ಹಾಕಿದಾಗ. ‘ಬೇಡ’ ಅಂದರೆ ಹತ್ತು ನಿಮಿಷದಲ್ಲಿ ಇದಕ್ಕಿಂತ ಒಳ್ಳೆಯದು ಬರುತ್ತದೆ ಎಂದು ಗೊತ್ತಾದ ಕ್ಲೈಂಟ್ ಮೊದಲ ಡೆಲಿವರಿಯನ್ನು ಯಾಕೆ ಒಪ್ಪಿಕೊಳ್ಳುತ್ತಾನೆ? ನಾಯಿಯದು ಹಟವಲ್ಲ, ಶುದ್ಧ ವ್ಯವಹಾರ. ಎದುರಿಗೆ ಕೂತ ಮ್ಯಾನೇಜರಿಗೆ ಇಲ್ಲ ಅನ್ನಲು ಬರುವುದಿಲ್ಲ ಎಂದು ಅದು ಮೂರೇ ದಿನದಲ್ಲಿ ಕಂಡುಕೊಂಡಿದೆ. ಅದರಲ್ಲೂ ಕೆಲವೊಮ್ಮೆ ಸೋತು ಕೆಲವೊಮ್ಮೆ ಗಟ್ಟಿಯಾಗಿ ನಿಲ್ಲುವ ಮನೆಗಳಲ್ಲಿ ಈ ಚಾಳಿ ಇನ್ನೂ ಬಲವಾಗಿ ಬೇರೂರುತ್ತದೆ. ಯಾವತ್ತು ಗೆಲ್ಲುತ್ತೇನೋ ಗೊತ್ತಿಲ್ಲ, ಹಾಗಾಗಿ ದಿನಾ ಆಡುತ್ತದೆ.

ಮಾರುಕಟ್ಟೆಗೆ ಇದು ಹಬ್ಬ. ಆಪ್ ತೆರೆದರೆ ಒಣ ಆಹಾರದ ಮೇಲೆ ಉದುರಿಸುವ ಪುಡಿ, ಸುರಿಯುವ ಗ್ರೇವಿ, ಹಸಿವು ಹೆಚ್ಚಿಸುವ ಸಿರಪ್. ಪಕ್ಕದ ಪುಟದಲ್ಲೇ ಹಸಿವು ಕೊಲ್ಲುವ ಬಿಸ್ಕತ್ತು, ಜರ್ಕಿ, ಅಗಿಯುವ ಕಡ್ಡಿ. ರೋಗವನ್ನೂ ಮದ್ದನ್ನೂ ಒಂದೇ ಬುಟ್ಟಿಯಲ್ಲಿ ಹಾಕಿ ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುತ್ತಾರೆ. ಖರೀದಿಸುವ ಮುನ್ನ ಪ್ಯಾಕೆಟ್ಟಿನ ಹಿಂಬದಿ ಓದಿ. ‘ಕಂಪ್ಲೀಟ್’ ಎಂದಿದ್ದರೆ ಅದೊಂದೇ ತಿಂದು ನಾಯಿ ಬದುಕಬಹುದು. ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಅದು ಉಪ್ಪಿನಕಾಯಿ. ಉಪ್ಪಿನಕಾಯಿಯನ್ನು ಊಟ ಮಾಡಿಕೊಂಡು ಅನ್ನವನ್ನು ನೆಂಚಿಕೊಳ್ಳುವವರನ್ನು ನಾನು ಮನುಷ್ಯರಲ್ಲಿ ನೋಡಿಲ್ಲ.

ಇಷ್ಟು ಹೇಳಿದರೆ ಇನ್ನೊಂದು ಪಕ್ಷದವರು ಚಪ್ಪಾಳೆ ತಟ್ಟುತ್ತಾರೆ. ಪ್ಯಾಕೆಟ್ ಯಾಕ್ರೀ, ಮನೆ ಅಡುಗೆ ಹಾಕಿ, ಊರಲ್ಲಿ ನಮ್ಮ ನಾಯಿಗಳು ಒಣರೊಟ್ಟಿ ಮಜ್ಜಿಗೆ ತಿಂದು ಹುಲಿ ಹಾಗಿದ್ದವು ಎಂದು. ನಾನೂ ಧಾರವಾಡದ ಕಡೆಯವನೇ. ಹಿತ್ತಲ ಕಲ್ಲುದೋಣಿಯಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ನಾಯಿ ಗಬಗಬ ತಿನ್ನುತ್ತಿದ್ದುದನ್ನು ನೋಡಿದ್ದೇನೆ. ಆದರೆ ಆ ನಾಯಿ ಬರೀ ರೊಟ್ಟಿಯಲ್ಲಿ ಬದುಕಿರಲಿಲ್ಲ. ಇಲಿ ಹಿಡಿಯುತ್ತಿತ್ತು, ಹೊಲದಲ್ಲಿ ಸಿಕ್ಕಿದ್ದನ್ನು ತಿನ್ನುತ್ತಿತ್ತು, ಸತ್ತ ದನದ ಹತ್ತಿರ ಮೊದಲು ಹೋಗುತ್ತಿತ್ತು. ದಿನಕ್ಕೆ ಎಷ್ಟು ಮೈಲಿ ಓಡುತ್ತಿತ್ತೋ ಯಾರೂ ಅಳೆದಿಲ್ಲ. ಎಷ್ಟು ಮರಿಗಳು ವರ್ಷ ತುಂಬುವ ಮೊದಲೇ ಸತ್ತವು ಎಂದೂ ಯಾರೂ ಎಣಿಸಿಲ್ಲ. ಆ ಜೀವನದಿಂದ ರೊಟ್ಟಿಯನ್ನಷ್ಟೇ ಕಿತ್ತು ತಂದು ಹನ್ನೊಂದನೇ ಮಹಡಿಯ ಶಿಟ್ಜುವಿಗೆ ಹಾಕುವುದು ಊರಿನ ನೆನಪಿಗೆ ಸಲ್ಲಿಸುವ ಕಾಣಿಕೆ ಆದೀತು, ಆಹಾರ ಆಗಲಾರದು.

ಮನೆ ಅಡುಗೆ ತಪ್ಪೆಂದು ನಾನು ಹೇಳುತ್ತಿಲ್ಲ. ವೈದ್ಯರನ್ನು ಕೇಳಿ, ತೂಗಿ, ಬೇಕಾದ ಪೂರಕಗಳನ್ನು ಸೇರಿಸಿ ಮಾಡಿದರೆ ಅದು ಚೆನ್ನಾಗಿಯೇ ಇರುತ್ತದೆ. ನಮ್ಮ ಮನೆಗಳಲ್ಲಿ ನಡೆಯುವುದು ಅದಲ್ಲ. ಮಾಂಸ ತಿನ್ನುವ ಮನೆಯಲ್ಲಿ ಮೂಳೆ ತೆಗೆದ ಚಿಕನ್ನು ಅನ್ನ, ತಿನ್ನದ ಮನೆಯಲ್ಲಿ ಮೊಸರನ್ನ. ಮೊದಲನೆಯದರಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಹೆಸರಿಗೆ ಮಾತ್ರ. ಬೆಳೆಯುವ ಮರಿಗೆ ಅದನ್ನೇ ತಿಂಗಳುಗಟ್ಟಲೆ ಕೊಟ್ಟರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಎರಡನೆಯದರಲ್ಲಿ ಪ್ರೋಟೀನೇ ಸಾಲದು. ಅದರ ಮೇಲೆ ನಮ್ಮ ತಟ್ಟೆಯ ಉಳಿಕೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಾಂಬಾರು, ಬಿರಿಯಾನಿ, ಪಾವ್‌ಭಾಜಿ ಎಲ್ಲದರಲ್ಲೂ ಅವು ಇವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಸಕ್ಕರೆರಹಿತ ಎಂದು ಬರೆದ ಚ್ಯೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳಲ್ಲಿರುವ ಕ್ಸೈಲಿಟಾಲ್ ಸಣ್ಣ ನಾಯಿಗೆ ವಿಷ. ದೀಪಾವಳಿಯಲ್ಲಿ ಕರಿದದ್ದು, ತುಪ್ಪದ್ದು ಹೊಟ್ಟೆ ತುಂಬ ತಿಂದ ನಾಯಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬಂದು ಡ್ರಿಪ್ ಹಾಕಿಸಿಕೊಳ್ಳುವ ಸ್ಥಿತಿ ಬರಬಹುದು. ಇಪ್ಪತ್ತು ಕಿಲೋದ ನಾಯಿ ತಾಳಿಕೊಳ್ಳುವ ಪ್ರಮಾಣವನ್ನು ಐದು ಕಿಲೋದ್ದು ತಾಳದು. ‘ಒಂದೇ ಚೂರು’ ಎನ್ನುವ ಮಾತಿಗೆ ಅಳತೆ ಸಣ್ಣ ನಾಯಿಯ ಮೈಯಲ್ಲಿದೆ, ನಮ್ಮ ಬೆರಳಲ್ಲಲ್ಲ.

ಈ ನಾಟಕದಲ್ಲಿ ಇನ್ನೊಂದು ಪಾತ್ರವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನಾವು ಲ್ಯಾಪ್‌ಟಾಪ್ ಮುಂದೆ ಕೂತಾಗ ಚಿಕನ್ ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಆರಿಸಿ, ನಾಯಿಯ ಹಿಂದೆ ಬಟ್ಟಲು ಹಿಡಿದು ತಿರುಗುವವರು ಯಾರು? ಪುಣೆಯಲ್ಲಿ ಮನೆಗೆಲಸಕ್ಕೆ ಬರುವ ಹೆಂಗಸರಲ್ಲಿ ಎಷ್ಟೋ ಮಂದಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು, ನಮ್ಮ ಭಾಷೆಯವರೇ. ನಮ್ಮ ಸೊಸೈಟಿಗೆ ಬರುವ ಒಬ್ಬರು ಒಮ್ಮೆ ಹೇಳಿದರು: ‘ನಾಯಿ ಉಣ್ಣಲಿಲ್ಲ ಅಂದ್ರ ನನಗ ಬೈತಾರ್ರೀ. ನಾ ಉಂಡೇನೋ ಇಲ್ಲೋ ಒಮ್ಮೀನೂ ಕೇಳಿಲ್ಲ.’ ಅವರು ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ನಾಲ್ಕು ಮನೆ ಮುಗಿಸುತ್ತಾರೆ. ನಾಯಿಯನ್ನು ಪ್ರೀತಿಸಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ನಾವೇ ಬೆಳೆಸಿದ ಒಂದು ಚಾಳಿಯ ಊಳಿಗವನ್ನು ಇನ್ನೊಬ್ಬರ ಹೆಗಲಿಗೆ ಹಾಕಿ, ಫಲಿತಾಂಶ ಬರದಿದ್ದರೆ ಅವರನ್ನೇ ಬೈಯುವುದು ಯಾವ ಸೀಮೆಯ ಪ್ರಾಣಿದಯೆ?

ಇನ್ನು ಅಪರಾಧಿ ಭಾವ. ನನ್ನ ಪ್ರಕಾರ ಎಲ್ಲದರ ಬೇರು ಇಲ್ಲಿದೆ. ಊರು ಬಿಟ್ಟು ಬಂದಿದ್ದೇವೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತೇವೆ, ಮನೆಯಲ್ಲೇ ಇದ್ದರೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇಲ್ಲದವರಂತೆ ಇರುತ್ತೇವೆ. ದಿನವಿಡೀ ನಮಗಾಗಿ ಕಾದ ಜೀವ ಅದೊಂದೇ. ಅದಕ್ಕೆ ಕೊಡಬೇಕಾದ ಹೊತ್ತನ್ನು ಕೊಡಲಿಲ್ಲವಲ್ಲ ಎಂದು ಚುಚ್ಚುತ್ತದೆ, ಚೀಸ್ ತುಂಡು ಕೊಡುತ್ತೇವೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಫೋನ್ ಮಾಡಲಾಗದ ವಾರ ಆಪ್‌ನಲ್ಲಿ ಡ್ರೈಫ್ರೂಟ್ ಡಬ್ಬಿ ಕಳಿಸುತ್ತೇವಲ್ಲ, ಹಾಗೆಯೇ. ಅಪ್ಪ ಅಮ್ಮ ಡಬ್ಬಿಯನ್ನು ಕಪಾಟಿನಲ್ಲಿಡುತ್ತಾರೆ. ನಾಯಿ ತಿಂದುಬಿಡುತ್ತದೆ, ದಪ್ಪಗಾಗುತ್ತದೆ, ಆಮೇಲೆ ಬಟ್ಟಲಿಗೆ ಬೆನ್ನು ತಿರುಗಿಸುತ್ತದೆ. ಹತ್ತು ನಿಮಿಷ ಕೆಳಗಿಳಿಸಿ, ಕಾಲೆತ್ತಿಸಿ, ಮತ್ತೆ ಲಿಫ್ಟ್ ಹತ್ತಿಸಿದ ನಾಯಿಗೆ ಹಸಿವು ಎಲ್ಲಿಂದ ಬರಬೇಕು? ಹಸಿವು ರುಚಿ ಅರಿಯದು ಎಂಬ ಗಾದೆ ನಮಗೆಲ್ಲ ಗೊತ್ತು. ಹಸಿಯಲು ಬಿಡುವ ಧೈರ್ಯ ಮಾತ್ರ ಇಲ್ಲ.

ಹಾಗಾದರೆ ಏನು ಮಾಡಬೇಕು? ಹೇಳಲು ತುಂಬ ಕಡಿಮೆ ಇದೆ, ಮಾಡಲು ಮನಸ್ಸು ಗಟ್ಟಿ ಬೇಕು. ದಿನಕ್ಕೆ ಎರಡು ಊಟ, ಹೊತ್ತು ನಿಗದಿ, ಜಾಗ ನಿಗದಿ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ ಹಾಕಿ. ಒಣ ಆಹಾರಕ್ಕೆ ಸ್ವಲ್ಪ ಬೆಚ್ಚಗಿನ ನೀರು ಬೆರೆಸಿ. ನಾಯಿ ನಾಲಿಗೆಗಿಂತ ಮೂಗಿನಿಂದ ಹೆಚ್ಚು ತಿನ್ನುವ ಪ್ರಾಣಿ, ಬೆಚ್ಚಗಾದರೆ ವಾಸನೆ ಏಳುತ್ತದೆ. ಬಟ್ಟಲು ಇಟ್ಟು ನಿಮ್ಮ ಕೆಲಸಕ್ಕೆ ಹೋಗಿ. ಗೋಗರೆಯಬೇಡಿ, ಇಣುಕಬೇಡಿ, ವಿಡಿಯೋ ಮಾಡಬೇಡಿ. 15 ನಿಮಿಷ, ಹೆಚ್ಚೆಂದರೆ 20. ತಿಂದಿರಲಿ ಬಿಟ್ಟಿರಲಿ, ಬಟ್ಟಲು ಎತ್ತಿಡಿ. ಮುಂದಿನ ಊಟದವರೆಗೆ ನೀರು ಮಾತ್ರ. ಟ್ರೀಟ್ ಕೊಡಲೇಬೇಕಾದರೆ ಅದು ದಿನದ ಕ್ಯಾಲೊರಿಯ ಹತ್ತರಲ್ಲಿ ಒಂದು ಪಾಲು ಮೀರಬಾರದು. ಐದು ಕಿಲೋದ ನಾಯಿಗೆ ಅದು 33 ಕ್ಯಾಲೊರಿ, ಒಂದು ಬಿಸ್ಕತ್ತಿಗಿಂತ ತುಸು ಹೆಚ್ಚು. ಸೌತೆಕಾಯಿ, ಕ್ಯಾರೆಟ್ ಚೂರಾದರೆ ಕೈ ಧಾರಾಳ ಇರಬಹುದು. ಆಹಾರ ಬದಲಿಸುವುದಿದ್ದರೆ ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತ 7ರಿಂದ 10 ದಿನ ತೆಗೆದುಕೊಳ್ಳಿ. ಊಟಕ್ಕೆ ಮೊದಲು ನಡೆಸಿ. ಬೇಸಿಗೆಯಲ್ಲಿ ನಾಯಿಗಳು ಸಹಜವಾಗಿ ಕಡಿಮೆ ತಿನ್ನುತ್ತವೆ, ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲೇರುವ ಮುನ್ನವೇ ನಡಿಗೆ ಮುಗಿಸಿ. ಚಪ್ಪಟೆ ಮೂತಿಯ ಶಿಟ್ಜು, ಪಗ್‌ಗಳಿಗಂತೂ ಇದು ಜೀವದ ಪ್ರಶ್ನೆ.

ಮತ್ತು ಮನೆಯ ಎಲ್ಲರೂ ಒಪ್ಪಬೇಕು. ಐದು ಜನರಲ್ಲಿ ಒಬ್ಬರು ಕದ್ದು ಬಿಸ್ಕತ್ತು ಹಾಕಿದರೂ ನಾಯಿಯ ಪಾಲಿಗೆ ಆಟ ಇನ್ನೂ ಮುಗಿದಿಲ್ಲ. ಊರಿಂದ ಬಂದ ಅತ್ತೆ, ಪಕ್ಕದ ಮನೆಯ ಕಾಕು, ಗೇಟಿನ ಸೆಕ್ಯುರಿಟಿ, ಎಲ್ಲರಿಗೂ ಹೇಳಿ.

‘ಉಪವಾಸ ಕೆಡವುದು ಕ್ರೌರ್ಯವಲ್ಲವೇ?’ ಈ ಪ್ರಶ್ನೆ ಬಂದೇ ಬರುತ್ತದೆ. ಆರೋಗ್ಯವಾಗಿರುವ ವಯಸ್ಕ ನಾಯಿ ಒಂದು ಹೊತ್ತಿನ ಊಟ ಬಿಟ್ಟರೆ ಅದಕ್ಕೆ ಏನೂ ಆಗುವುದಿಲ್ಲ. ಮೊದಲ ಎರಡು ಮೂರು ದಿನ ಅರೆಬರೆ ತಿನ್ನುತ್ತದೆ, ಕುಂಯ್‌ಗುಡುತ್ತದೆ, ಅಡುಗೆಮನೆಯ ಬಾಗಿಲಲ್ಲಿ ಕೂತು ನಿಮ್ಮ ಎದೆ ಸೀಳುವ ನೋಟ ಬೀರುತ್ತದೆ. 24 ಗಂಟೆಯ ಗೆರೆ ಆಗಲೇ ಹೇಳಿದ್ದೇನೆ, ಅದನ್ನು ದಾಟಬೇಡಿ. ಅದರೊಳಗೆ ಸಹಿಸಬೇಕಾದ ಕಷ್ಟ ಹೆಚ್ಚಿನದೆಲ್ಲ ನಿಮ್ಮದೇ. ಕ್ರೌರ್ಯ ಯಾವುದು ಎಂದು ನಿಜಕ್ಕೂ ಕೇಳುವುದಾದರೆ ಬೇರೆಡೆ ನೋಡಿ. ಮಂಡಿಚಿಪ್ಪು ಜಾರುವ ತೊಂದರೆ ಸಣ್ಣ ತಳಿಗಳಲ್ಲಿ ಮೊದಲೇ ಹೆಚ್ಚು. ಅದರ ಮೇಲೆ ಎರಡು ಕಿಲೋ ಕೊಬ್ಬು ಹೇರಿ, ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಡುವ ನಾಯಿಯನ್ನು ‘ಗುಂಡ’ ಎಂದು ಮುದ್ದಿಸುವುದು ಕ್ರೌರ್ಯ. ಐದು ಕಿಲೋದ ನಾಯಿಗೆ ಎರಡು ಕಿಲೋ ಅಂದರೆ ಅರವತ್ತು ಕಿಲೋದ ಮನುಷ್ಯನಿಗೆ ಇಪ್ಪತ್ತನಾಲ್ಕು.

ಇನ್ನೊಂದು ಲಾಭ ಇದೆ, ಅದನ್ನು ಯಾರೂ ಎಣಿಸುವುದಿಲ್ಲ. ಹೊತ್ತಿಗೆ ಸರಿಯಾಗಿ ಬಟ್ಟಲು ಖಾಲಿ ಮಾಡುವ ನಾಯಿ ಒಂದು ದಿನ ಬಿಟ್ಟರೆ ಏನೋ ಸರಿಯಿಲ್ಲ ಎಂದು ಅವತ್ತೇ ಗೊತ್ತಾಗುತ್ತದೆ. ದಿನಾ ಬಿಡುವ ನಾಯಿಗೆ ಜ್ವರ ಬಂದು ಬಿಟ್ಟರೂ ‘ಅದರ ಸ್ವಭಾವವೇ ಹಾಗೆ’ ಅಂದುಕೊಂಡು ನಾಲ್ಕು ದಿನ ಕಳೆದುಬಿಡುತ್ತೇವೆ. ಉಣ್ಣಿ ಜ್ವರದಲ್ಲಿ ನಾಲ್ಕು ದಿನ ಬಹಳ ದೊಡ್ಡದು. ಮಾತು ಬಾರದ ಪ್ರಾಣಿಗೆ ತನ್ನ ನೋವು ತಿಳಿಸಲು ಇರುವ ಕೆಲವೇ ದಾರಿಗಳಲ್ಲಿ ಊಟ ಬಿಡುವುದು ಒಂದು. ಆ ದಾರಿಯನ್ನು ಚೀಸ್ ಸ್ಲೈಸುಗಳಿಂದ ಮುಚ್ಚಬೇಡಿ.

ನಾಳೆ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಏಳಿ. ಫೋನು ಮನೆಯಲ್ಲೇ ಬಿಟ್ಟು ನಾಯಿಯನ್ನು ಕರೆದುಕೊಂಡು ಕೆಳಗಿಳಿಯಿರಿ, ಅದು ಮೂಸಬೇಕೆಂದ ಕಡೆಯಲ್ಲೆಲ್ಲ ನಿಂತು ಮೂಸಲಿ. ಮೇಲೆ ಬಂದು, ಸ್ವಲ್ಪ ಹೊತ್ತು ಬಿಟ್ಟು, 45 ಗ್ರಾಂ ತೂಗಿ ಬಟ್ಟಲಿಗೆ ಹಾಕಿ, ನಿಮ್ಮ ಚಹಾ ತೆಗೆದುಕೊಂಡು ಬಾಲ್ಕನಿಗೆ ಹೋಗಿ. ಬಿಸ್ಕತ್ತು ಒಬ್ಬರೇ ತಿನ್ನಿ.